ಗುರುತು ಸಿಗದ ಮಾವ, ಬೆರಳು ಕೇಳುವ ಮಷಿನ್ನು

ನನಗೂ ನನ್ನ ಸೋದರಮಾವನಿಗೂ ಇದುವರೆಗೆ ಏನಿಲ್ಲವೆಂದರೂ ನೂರು ಸಲ ಪರಿಚಯವಾಗಿದೆ! ಸೋದರಮಾವ ಎಂದ ಮೇಲೆ ಹುಟ್ಟಿದಾಗ ಒಮ್ಮೆ ಪರಿಚಯವಾದರೆ ಸಾಕಲ್ಲವೇ, ಅದನ್ನು ಪದೇ ಪದೇ ಮಾಡಿಕೊಳ್ಳುವ ದರ್ದೇನು ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ನನ್ನನ್ನಲ್ಲ, ಅವನನ್ನು ಕೇಳಬೇಕು. ಕೇಳಿದರೆ ಅವನು ನಿಮ್ಮನ್ನು ತುಂಬು ವಿಶ್ವಾಸದಿಂದ ನೋಡಿ, "ಬರ್ರಿ ಬರ್ರಿ, ಕುಂತ್ಕಳ್ರಿ. ಮನೇಲೆಲ್ಲ ಆರಾಮಾ? ಮಳೆ ಆತಾ ನಿಮ್ ಕಡಿಗೆ?" ಎನ್ನುತ್ತಾನೆ. ಹಾಗೆಂದ ಮಾತ್ರಕ್ಕೆ ನೀವು ಯಾರೆಂದು ಅವನಿಗೆ ತಿಳಿಯಿತು ಎಂದುಕೊಳ್ಳಬೇಡಿ. ಹೊಸದುರ್ಗದ ಪೇಟೆಬೀದಿಯಲ್ಲಿರುವ ಅವನ ಬಟ್ಟೆ ಅಂಗಡಿಗೆ ನಾನು ಹೋದಾಗಲೂ ಅವನು ಮಳೆಯನ್ನೇ ವಿಚಾರಿಸುತ್ತಾನೆ. ನಾನಿರುವುದು ಚಿತ್ರದುರ್ಗದಲ್ಲಿ, ಒಂದು ಮಹಡಿ ಮನೆಯ ತುತ್ತತುದಿಯಲ್ಲಿ. ಮಳೆ ಬಂದರೆ ಒಣಹಾಕಿದ ಬಟ್ಟೆ ಎತ್ತಬೇಕು ಎನ್ನುವುದನ್ನು ಬಿಟ್ಟರೆ ನನಗೂ ಮಳೆಗೂ ಬೇರೆ ವ್ಯವಹಾರವೇ ಇಲ್ಲ!

ಮಾವನಿಗೆ ಮುಖಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಮಿಕ್ಕಿದ್ದೆಲ್ಲ ನಿಲ್ಲುತ್ತದೆ. ಸೀರೆಯ ಅಂಚು ಕಂಡರೆ ಸಾಕು, ಅದು ಯಾವ ಯುಗಾದಿಗೆ ಬಂದ ಮಾಲು, ಯಾವ ಬೀರುವಿನ ಯಾವ ಖಾನೆಯಲ್ಲಿತ್ತು ಎಂದು ಗಿಣಿಯಂತೆ ಹೇಳುತ್ತಾನೆ. ಒಮ್ಮೆ ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಹೆಂಗಸೊಬ್ಬರ ಬಳಿ ಹೋಗಿ, "ಈ ಸೀರೆ ನಮ್ಮಂಗ್ಡೀದು ಕಣಮ್ಮ. ಒಳ್ಳೇ ಮಾಲು ತಗಂಡಿದೀಯ" ಎಂದು ಮೆಚ್ಚಿಗೆ ಸೂಚಿಸಿದ. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ತಗಂಡಿದ್ದಲ್ಲ, ನೀವೇ ದೀಪಾವಳಿಗೆ ಕೊಡ್ಸಿದ್ದು. ಬಸ್ ಬಂತು, ಹತ್ರಿ!" ಎಂದಳು. ಆಕೆ ನಮ್ಮ ಅತ್ತೆ!

ಮಗಳು ಶೈಲ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಅಂದರೆ ತೊಂಬತ್ತರ ದಶಕದಲ್ಲಿ, ಮಾವ ಒಂದೇ ಒಂದು ದಿನ ಅವಳನ್ನು ಕರೆತರಲು ಸೈಕಲ್ ಏರಿ ಹೋಗಿದ್ದ. ಶಾಲೆ ಬಿಟ್ಟಿತು. ಎಲ್ಲ ಹುಡುಗಿಯರಿಗೂ ಅದೇ ನೀಲಿ ಲಂಗ, ಅದೇ ಎರಡು ಜಡೆ, ಅದೇ ಕೆಂಪು ರಿಬ್ಬನ್ನು. ಮಾವ ಕೈಗೆ ಸಿಕ್ಕ ಮಗುವನ್ನು ಹಿಂದೆ ಕೂರಿಸಿಕೊಂಡು ಪೇಟೆಯವರೆಗೂ ಬಂದ. ದಾರಿಯಲ್ಲಿ ಅದಕ್ಕೆ ಮೈಸೂರು ಪಾಕನ್ನೂ ಕೊಡಿಸಿದ. ಆ ಮಗುವೋ, ಇಂಥ ಅಪ್ಪ ಸಿಕ್ಕಿದ್ದೇ ಪುಣ್ಯ ಎಂದು ತೆಪ್ಪಗೆ ತಿನ್ನುತ್ತ ಕೂತಿತ್ತು! ನಿಜವಾದ ಶೈಲ ಸೈಕಲ್ಲಿನ ಹಿಂದೆ ಅಳುತ್ತ ಓಡಿ ಬಂದಿದ್ದಳು. ಅಂದಿನಿಂದ ಅತ್ತೆ ಮಗಳನ್ನು ಕರೆತರುವ ಕೆಲಸವನ್ನು ಮಾವನಿಂದ ಕಿತ್ತುಕೊಂಡಳು.

ಇಂಥವನು ಬೇರೆಲ್ಲಾದರೂ ಹುಟ್ಟಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದ. ನಮ್ಮ ಕಡೆ ಹುಟ್ಟಿದ್ದೇ ತಪ್ಪಾಯಿತು. ನಮ್ಮ ಕಡೆಯವರಿಗೆ ಒಂದು ಚಾಳಿಯಿದೆ. ಅಪರೂಪಕ್ಕೆ ಎದುರು ಸಿಕ್ಕವರು ಹೆಸರು ಹೇಳುವುದಿಲ್ಲ. ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, "ಯಾರು, ಗುರ್ತು ಸಿಕ್ತಾ?" ಎಂದು ಪರೀಕ್ಷೆ ಶುರುಮಾಡುತ್ತಾರೆ. ಗೊತ್ತಾಗಲಿಲ್ಲವೋ, ಮುಗಿಯಿತು! "ದೊಡ್ಡೋರಾದ್ರಪ್ಪ, ನಾವೆಲ್ಲಿ ಕಾಣ್ತೀವಿ" ಎಂದು ಹೊರಟವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಬಟ್ಟೆ ಚೆನ್ನಾಗಿಲ್ಲದಿದ್ದರೂ ಕ್ಷಮಿಸಿಯಾರು, ಮಾತಾಡಿಸದಿದ್ದರೆ ಕ್ಷಮೆಯಿಲ್ಲ.

ಹಾಗಾದರೆ ಮಾವನ ಅಂಗಡಿ ಇಷ್ಟು ವರ್ಷ ನಡೆದದ್ದು ಹೇಗೆ? ಶೈಲಳಿಂದ! ಗಲ್ಲಾದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪನ ಕಿವಿಗೆ, "ಭೀಮಸಮುದ್ರದ ಅಕ್ಕ, ಮೊಮ್ಮಗು ಹುಟ್ಟೈತೆ" ಎಂದು ಉಸುರುತ್ತಿದ್ದಳು. ಮಾವ ಎದ್ದು ನಿಂತು, "ಬಾರಕ್ಕಾ! ಮೊಮ್ಮಗು ಹೆಂಗೈತೆ?" ಎನ್ನುತ್ತಿದ್ದ. ಅಕ್ಕನ ಮುಖ ಅರಳುತ್ತಿತ್ತು. ಒಂದು ಸೀರೆಗೆ ಬಂದವಳು ಮೂರು ಒಯ್ಯುತ್ತಿದ್ದಳು. ಹೊಸದುರ್ಗದಲ್ಲಿ ಮಾವನಷ್ಟು ಜನರನ್ನು ನೆನಪಿಟ್ಟುಕೊಳ್ಳುವವರೇ ಇಲ್ಲ ಎಂಬ ಕೀರ್ತಿ ಸುತ್ತಮುತ್ತ ಹಬ್ಬಿತ್ತು. ನಾವು ಮನೆಯವರು ಅದನ್ನು ಕೇಳಿದಾಗೆಲ್ಲ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದೆವು.

ಅಂಥ ಶೈಲಳಿಗೆ ಮದುವೆ ನಿಶ್ಚಯವಾಯಿತು. ವರ ಶ್ರೀರಾಂಪುರದವನು. ದಸರೆ ಕಳೆದ ಮೇಲೆ ಮದುವೆ. ಎಲ್ಲರೂ ಸಂಭ್ರಮದಲ್ಲಿದ್ದರೆ ಮಾವ ಮಾತ್ರ ಆ ಸ್ಟೂಲನ್ನೇ ನೋಡುತ್ತ ಕೂತಿರುತ್ತಿದ್ದ. ಅವಳು ಹೋದ ಮೇಲೆ ಬಾಗಿಲಲ್ಲಿ ನಿಂತವರು ಯಾರೆಂದು ಹೇಳುವವರು ಯಾರು? ಅತ್ತೆಯನ್ನು ಕೇಳಿ ನೋಡಿದ. "ನನ್ ಗುರ್ತೇ ಸಿಗದೋರಿಗೆ ಊರ್ನೋರ ಗುರ್ತು ನಾನ್ಯಾಕೆ ಹೇಳ್ಳಿ?" ಎಂದು ಅತ್ತೆ ಹಳೆಯ ಬಸ್‌ಸ್ಟ್ಯಾಂಡ್ ಸೇಡನ್ನು ತೀರಿಸಿಕೊಂಡಳು.

ಸಾಲದ್ದಕ್ಕೆ ಬೀಗರ ಜೊತೆ ಒಂದು ಎಡವಟ್ಟು ಆಗಲೇ ಆಗಿತ್ತು. ವರನ ತಂದೆ ಗಿರಿಜಾ ಮೀಸೆಯ, ಮಾತು ಕಡಿಮೆಯ, ಮರ್ಯಾದೆಗೆ ಬಹಳ ಬೆಲೆ ಕೊಡುವ ಮನುಷ್ಯ. ಹೆಣ್ಣು ನೋಡಿ, ಉಪ್ಪಿಟ್ಟು ತಿಂದು ಹೋದ ವಾರದೊಳಗೆ ಆತ ಬಸ್ಸಿನಲ್ಲಿ ಮಾವನ ಪಕ್ಕದಲ್ಲೇ ಕೂತರು. ಮಾವ ಸೌಜನ್ಯದಿಂದ, "ಯಾವೂರ್ರಿ ನಿಮ್ದು?" ಎಂದ. ಬೀಗರು ಗಂಭೀರವಾಗಿ "ಶ್ರೀರಾಂಪುರ" ಎಂದರು. "ಓ! ನಮ್ ಹುಡ್ಗೀನ ಅಲ್ಲಿಗೇ ಕೊಡ್ಬೇಕು ಅಂತ ಮಾಡೀವಿ. ಜನ ಹೆಂಗೆ ಅಲ್ಲಿ?" ಎಂದುಬಿಟ್ಟ ಪುಣ್ಯಾತ್ಮ! ಆ ಸಂಬಂಧ ಮುರಿಯದೆ ಉಳಿದದ್ದು ಶೈಲಳಿಂದ. ಅಪ್ಪ ಅವತ್ತು ಕನ್ನಡಕ ಮರೆತು ಹೋಗಿದ್ದರು ಎಂದು ಅವಳು ಹೇಳಿ ಕಳಿಸಿದಳು. ಮಾವ ಕನ್ನಡಕ ಹಾಕುವುದೇ ಇಲ್ಲ. ಆ ಸುಳ್ಳನ್ನು ನಿಜಮಾಡಲು ಮದುವೆಯವರೆಗೆ ಒಂದು ಸಾದಾ ಗಾಜಿನ ಕನ್ನಡಕ ಹಾಕಿಕೊಂಡು ಓಡಾಡಬೇಕಾಯಿತು.

ಇದೇ ಚಿಂತೆಯಲ್ಲಿದ್ದಾಗ ಮಾವ ಒಂದು ಬೆಳಿಗ್ಗೆ ಚಿತ್ರದುರ್ಗದಲ್ಲಿ ನಾನು ಕೆಲಸ ಮಾಡುವ ಕಚೇರಿಗೆ ಬಂದ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ ಅದು. ನಮ್ಮ ಕಚೇರಿಯ ಬಾಗಿಲಲ್ಲಿ ಆಗತಾನೇ ಬೆರಳಚ್ಚಿನ ಹಾಜರಿ ಮಷಿನ್ನು ಕೂರಿಸಿದ್ದರು. ಒಬ್ಬೊಬ್ಬರೂ ಬಂದು ಬೆರಳಿಡುವುದು, ಒಳಗಿನಿಂದ ಹೆಣ್ಣುದನಿಯೊಂದು "ಥ್ಯಾಂಕ್ಯೂ" ಎನ್ನುವುದು, ಪರದೆಯ ಮೇಲೆ ಹೆಸರು ಮೂಡುವುದು. ಮಾವ ನನ್ನನ್ನು ಕಾಣಲು ಬಂದವನು, ನಾನು ಪಕ್ಕದಲ್ಲೇ ಹಾದುಹೋದರೂ ಗುರುತಿಸದೆ, ಬಾಯಿ ತೆರೆದುಕೊಂಡು ಅದರ ಮುಂದೆಯೇ ನಿಂತಿದ್ದ.

"ಎಲ್ಲಾರನ್ನೂ ಗುರ್ತು ಹಿಡೀತೈತಲ್ಲೇ ಇದು!" ಎಂದ, ನಾನು ಯಾರೆಂದು ನಾನೇ ಹೇಳಿದ ಮೇಲೆ.

"ನಾವು ತಡವಾಗಿ ಬಂದದ್ದನ್ನ ಹಿಡಿಯೋಕೆ ಇಟ್ಟಿರೋದು ಮಾವ, ಪ್ರೀತಿಯಿಂದ ಅಲ್ಲ."

"ಅದಲ್ಲ ಕಣೆ. ಮುಖಾನೇ ನೋಡಲ್ಲ ನೋಡು! ನನ್ನಂಗೇ ಐತೆ. ಮುಖ ನೋಡಲ್ಲ, ಆದ್ರೂ ಎಲ್ಲಾರೂ ಗೊತ್ತು!"

ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಕಳೆದುಹೋದ ಅಣ್ಣ ಸಿಕ್ಕಿದಂತೆ ಆ ಡಬ್ಬಿಯನ್ನು ಸವರಿದ. ಅದು "ಪ್ಲೀಸ್ ಟ್ರೈ ಅಗೇನ್" ಎಂದಿತು.

ಆಯುಧಪೂಜೆಗೆ ಮೊದಲೇ ಮಾವನ ಅಂಗಡಿಗೆ ಅಂಥದೇ ಮಷಿನ್ನು ಬಂತು. ಜೊತೆಗೊಂದು ಕಂಪ್ಯೂಟರು. ಗಿರಾಕಿ ಬಾಗಿಲಲ್ಲಿ ಬೆರಳಿಟ್ಟರೆ ಗಲ್ಲಾದ ಮುಂದಿನ ಪರದೆಯಲ್ಲಿ ಆತನ ಹೆಸರು, ಊರು, ಮನೆಯ ಸಮಾಚಾರ, ಹಿಂದಿನ ಸಲ ಒಯ್ದ ಬಟ್ಟೆ, ಎಲ್ಲವೂ ಮೂಡಬೇಕು. ಗಿರಾಕಿಗಳಿಗೆ ಮಾತ್ರ "ಇದು ಸೆಕ್ಯೂರಿಟಿ! ಪಟ್ಟಣದಾಗೆಲ್ಲ ಹಿಂಗೇ ಮಾಡ್ತಾರೆ" ಎಂದು ಹೇಳತಕ್ಕದ್ದು. ಸೆಕ್ಯೂರಿಟಿ ಬೇಕಿದ್ದದ್ದು ಅಂಗಡಿಗಲ್ಲ, ತನಗೆ ಎಂಬ ಗುಟ್ಟು ನಮಗಷ್ಟೇ ಗೊತ್ತಿತ್ತು.

ಮೊದಲ ವಿಘ್ನ ಪೂಜೆಯಿಂದಲೇ ಬಂತು. ಗಲ್ಲಾಪೆಟ್ಟಿಗೆ, ಕತ್ತರಿ, ಮೊಳಕೋಲುಗಳ ಜೊತೆ ಮಷಿನ್ನಿಗೂ ಭಕ್ತಿಯಿಂದ ಪೂಜೆಯಾಯಿತು. ಮಾವ ಅದರ ಹಣೆ ಯಾವುದೆಂದು ಹುಡುಕಿ, ಬೆರಳಿಡುವ ಗಾಜೇ ಹಣೆಯೆಂದು ತೀರ್ಮಾನಿಸಿ, ಮೂರು ಬೆರಳಲ್ಲಿ ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟ. ಮಾರನೆಯ ದಿನ ಅದು ಪರಮ ವಿರಾಗಿಯಾಗಿತ್ತು. ಮಾವನನ್ನೂ ಗುರುತಿಸಲಿಲ್ಲ! ಚಿತ್ರದುರ್ಗದಿಂದ ರಿಪೇರಿಯವನು ಬಂದು ಅಂಗಿಯ ತುದಿಯಿಂದ ಗಾಜು ಒರೆಸಿದ ಕೂಡಲೇ ಸರಿಹೋಯಿತು. "ವಿಭೂತಿ ಒರೆಸಿಬಿಟ್ಟೆಯಲ್ಲೋ!" ಎಂದು ಮಾವ ಅವನಿಗೆ ಚಹಾ ಕೊಡಿಸುವುದನ್ನೇ ಮರೆತ.

ಗಿರಾಕಿಗಳ ಬೆರಳು ದಾಖಲಿಸುವ ಕೆಲಸ ಸಂತೆಯ ದಿನ ನಡೆಯಿತು. ಶೈಲ ಕುಪ್ಪಸ ಹೊಲಿಸಲೆಂದು ಹೊಳಲ್ಕೆರೆಯ ನೆಂಟರ ಮನೆಗೆ ಹೋಗಿದ್ದಳು. ಅವಳು ಬರಲಿ ಎಂದು ನಾವೆಲ್ಲ ಹೇಳಿದೆವು. "ಅವ್ಳಿಲ್ದೆ ನಡೀಲಿ ಅಂತಲ್ವಾ ಇದನ್ನ ತಂದಿರಾದು?" ಎಂದು ಮಾವ ರಿಪೇರಿಯವನನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದ.

ಆದರೆ ಸಂತೆಗೆ ಬರುವವರ ಕೈಗಳು ಕಚೇರಿಯ ಕೈಗಳಲ್ಲವಲ್ಲ! ಒಬ್ಬರ ಬೆರಳಿಗೆ ಅಡಿಕೆ ಸುಲಿದ ಚೊಗರು, ಒಬ್ಬರದಕ್ಕೆ ಎಲೆಗೆ ಹಚ್ಚಿದ ಸುಣ್ಣ, ಇನ್ನೊಬ್ಬರದಕ್ಕೆ ನಶ್ಯ. ಮಷಿನ್ನು ಎಲ್ಲರಿಗೂ "ಪ್ಲೀಸ್ ಟ್ರೈ ಅಗೇನ್" ಎನ್ನುತ್ತಿತ್ತು. "ಯಾರಮ್ಮ ಒಳಗೆ ಕುಂತಿರೋಳು? ಏನಂತಾಳೆ?" ಎಂದು ಅಜ್ಜಿಯೊಬ್ಬಳು ಡಬ್ಬಿಯ ಹಿಂದೆ ಇಣುಕಿದಳು. ಸಾಲು ಮುಂದೆ ಸರಿಯದು. ಆಗ ಎದ್ದು ಬಂದರು ನೋಡಿ ನಮ್ಮ ಮೇಷ್ಟ್ರು!

ಮೇಷ್ಟ್ರೆಂದರೆ ಪಕ್ಕದ ಕಟ್ಟೆಯ ಮೇಲೆ ದಿನವಿಡೀ ಪೇಪರು ಓದುವ ನಿವೃತ್ತ ಮೇಷ್ಟ್ರು. ಪರೋಪಕಾರಿ. ನಮ್ಮ ಕಡೆ ಒಬ್ಬರ ಕೆಲಸ ಕೈಕೊಟ್ಟರೆ ಪಕ್ಕದವರು ಕೈಹಾಕುವುದು ವಾಡಿಕೆ. ಬಸ್ಸಿಗೆ ಟವೆಲು ಹಾಕಿ ಸೀಟು ಹಿಡಿದುಕೊಡುತ್ತಾರೆ, ಕೂಸನ್ನು ಎತ್ತಿಕೊಳ್ಳುತ್ತಾರೆ, ಜಗಳವನ್ನೂ ಆಡಿಕೊಡುತ್ತಾರೆ. ಮೇಷ್ಟ್ರು ಅದೇ ವಾಡಿಕೆಯಂತೆ, "ನಿಂದು ತಗಳ್ತಿಲ್ವಾ? ಬಿಡು, ನಂದು ಹಾಕ್ತೀನಿ" ಎಂದು ತಮ್ಮ ಬೆರಳಿಟ್ಟರು. ಸೀಮೆಸುಣ್ಣ ಬಿಟ್ಟರೆ ಬೇರೇನನ್ನೂ ಹಿಡಿಯದ ನುಣ್ಣನೆಯ ಬೆರಳು. ಮಷಿನ್ನು "ಥ್ಯಾಂಕ್ಯೂ" ಎಂದಿತು. ಜನ ಚಪ್ಪಾಳೆ ತಟ್ಟಿದರು. ಒಮ್ಮೆ ಇಟ್ಟ ಬೆರಳನ್ನು ಮಷಿನ್ನು ಮತ್ತೆ ಇನ್ನೊಬ್ಬರ ಹೆಸರಿಗೆ ಒಪ್ಪುತ್ತಿರಲಿಲ್ಲ. ಅದಕ್ಕೇನಂತೆ? ಮೇಷ್ಟ್ರಿಗೆ ಕೈ ತುಂಬ ಬೆರಳಿದ್ದವು! ಒಬ್ಬೊಬ್ಬರಿಗೆ ಒಂದೊಂದರಂತೆ ಎಲ್ಲವನ್ನೂ ದಾನಮಾಡಿದರು. ಹಾಜರಿ ಪುಸ್ತಕದ ಅಭ್ಯಾಸವಿದ್ದ ಮನುಷ್ಯ, ಯಾವ ಬೆರಳು ಯಾರದೆಂದು ಬಾಯಿಪಾಠ ಮಾಡಿಕೊಂಡರು. ಮಾವನಿಗೆ ಅಂದು ಇದರ ವಾಸನೆಯೂ ಬಡಿಯಲಿಲ್ಲ. ಯಾರು ಯಾರೆಂದು ಗೊತ್ತಿದ್ದರಲ್ಲವೇ ಯಾರ ಬದಲು ಯಾರೆಂದು ಗೊತ್ತಾಗುವುದು?

ಅಂದು ಸಂಜೆ ಪರದೆಯ ಮೇಲಿನ ಹೆಸರುಗಳನ್ನು ಓದುತ್ತಿದ್ದ ಮಾವ ಥಟ್ಟನೆ, "ಅರೆ, ನಮ್ ಬೀಗ್ರೂ ಬಂದು ಬೆಳ್ಳು ಕೊಟ್ಟು ಹೋಗ್ಯಾರೆ!" ಎಂದು ಕುಣಿದ.

"ಅವ್ರನ್ನ ಮಾತಾಡ್ಸಿದ್ರಾ?" ಎಂದಳು ಅತ್ತೆ.

ಮಾವ ಯೋಚಿಸಿದ. ಮಧ್ಯಾಹ್ನ ಗಿರಿಜಾ ಮೀಸೆಯವರೊಬ್ಬರು ನೇರವಾಗಿ ಗಲ್ಲಾದ ಹತ್ತಿರ ಬಂದಿದ್ದರು. ಅವರಿಗೆ ತಾನು, "ಲೈನಾಗೆ ನಿಂತ್ಕಳ್ರಿ, ಎಲ್ಲಾರಿಗೂ ಒಂದೇ ರೂಲು" ಎಂದು ಬೆರಳು ತೋರಿಸಿದ್ದ! ಅತ್ತೆ ತಲೆ ಚಚ್ಚಿಕೊಂಡಳು.

ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಒಂದು ವಿಚಿತ್ರ ಸಂಭಾಷಣೆ ಕೇಳಿಬರತೊಡಗಿತು. ಬಂದವರು ಮಷಿನ್ನಿಗೆ ಬೆರಳಿಡುವುದು, ಅದು ಒಲ್ಲೆನ್ನುವುದು, ಅವರು ಕಟ್ಟೆಯ ಕಡೆ ತಿರುಗಿ ಕೂಗುವುದು:

"ಮೇಷ್ಟ್ರೇ, ವಸಿ ಬರ್ರಿ! ನನ್ ಬೆಳ್ಳು ನಿಮ್ಮತ್ರ ಐತೆ!"

"ಯಾವೂರಪ್ಪ? ಓ, ನೀನಾ! ನಿಂದು ಎಡಗೈ ಕಿರುಬೆಳ್ಳು. ಬಂದೆ ತಡಿ."

ಮೇಷ್ಟ್ರು ಪೇಪರು ಮಡಚಿ ಬಂದು ಕಿರುಬೆರಳಿಡುತ್ತಿದ್ದರು. ಅವರು ಊಟಕ್ಕೆ ಹೋದರೆ ವ್ಯಾಪಾರವೂ ನಿಲ್ಲುತ್ತಿತ್ತು. ಭರಮಸಾಗರದ ಗಿರಾಕಿಯೊಬ್ಬ, "ಮೇಷ್ಟ್ರು ಮಲಗವ್ರೆ, ಎದ್ಮೇಲೆ ನನ್ ಬೆಳ್ಳಿಂದ ಎರಡು ಪಂಚೆ ಕೊಟ್ಟಿರ್ರಿ" ಎಂದು ಹೇಳಿ ಹೋದನಂತೆ! ನಡುನಡುವೆ ಮೇಷ್ಟ್ರ ಬಾಯಿಪಾಠ ತಪ್ಪುವುದೂ ಇತ್ತು. ಆಗ ಮಾವ ಬ್ರಹ್ಮಚಾರಿ ಮುದುಕರೊಬ್ಬರಿಗೆ "ಬಾಣಂತನ ಸಲೀಸಾತಾ?" ಎಂದು ಕೇಳಿದ್ದುಂಟು. ಆತ ಅಂದಿನಿಂದ ಈ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಾರೆ.

ಅಷ್ಟರಲ್ಲಿ ಜವಳಿ ತೆಗೆಯುವ ದಿನ ಬಂತು. ಮದುವೆಯ ಬಟ್ಟೆ ತೆಗೆಯಲು ಗಂಡಿನವರು, ಹೆಣ್ಣಿನವರು ಇಬ್ಬರೂ ಒಂದೇ ಅಂಗಡಿಗೆ ಬರುವುದು ಪದ್ಧತಿ. ಹೆಣ್ಣಿನಪ್ಪನದೇ ಅಂಗಡಿಯಿರುವಾಗ ಬೇರೆಲ್ಲಿಗೆ ಹೋಗುತ್ತಾರೆ? ಮಾವ ಹೊಸ ಪಂಚೆಯುಟ್ಟು, ಸಾದಾ ಗಾಜಿನ ಕನ್ನಡಕ ಏರಿಸಿ, ಪರದೆಯ ಮುಂದೆ ಕೂತ. ಊರಿಗೆ ಮರಳಿದ್ದ ಶೈಲ ಒಳಗಿನ ಜಮಖಾನೆಯ ಮೇಲೆ ನಮ್ಮ ಜೊತೆ ಇದ್ದಳು. ಅವಳು ಎದ್ದು ಬರುವುದನ್ನು ಕಂಡು ಮಾವ ಕೈ ಅಡ್ಡ ಹಿಡಿದ. "ನೀನು ಮದುವೆ ಹೆಣ್ಣು. ಸುಮ್ನೆ ಕುಂತ್ಕ. ಬೀಗ್ರನ್ನ ಇವತ್ತು ನಾನೇ ಮಾತಾಡಿಸ್ತೀನಿ."

ಬೀಗರ ದಂಡು ಬಂತು. ಮುಂದೆ ಗಿರಿಜಾ ಮೀಸೆಯವರು, ಹಿಂದೆ ಬೀಗಿತ್ತಿ, ಅವರ ಹಿಂದೆ ಹತ್ತಾರು ಹೆಂಗಸರು. ಬೀಗರು ಬಾಗಿಲಲ್ಲಿ ಬೆರಳಿಟ್ಟರು. "ಪ್ಲೀಸ್ ಟ್ರೈ ಅಗೇನ್." ಮತ್ತೆ ಇಟ್ಟರು. ಅದೇ ಹಾಡು! ಅವರ ಬೆರಳೂ ಮೇಷ್ಟ್ರ ಹತ್ತಿರವೇ ಇತ್ತು ಎಂಬುದು ನನಗೆ ಆಗ ಹೊಳೆಯಿತು. ಮೇಷ್ಟ್ರು ಓಡೋಡಿ ಬಂದರು. ಬೀಗರ ಗತ್ತು ಕಂಡು ಗಾಬರಿಯಾಗಿ ಉಂಗುರದ ಬೆರಳಿನ ಬದಲು ಪಕ್ಕದ ನಡುಬೆರಳು ಇಟ್ಟುಬಿಟ್ಟರು.

"ಥ್ಯಾಂಕ್ಯೂ!"

ಪರದೆ ಮಿನುಗಿತು. ಅಲ್ಲಿ ಮೂಡಿದ್ದು ಭರಮಸಾಗರದವರೊಬ್ಬರ ಸಮಾಚಾರ. ಮೊದಲ ಹೆಂಡತಿ ತೀರಿಹೋಗಿ, ಎರಡನೇ ಮದುವೆಗೆ ಧಾರೆ ಸೀರೆ ಒಯ್ದವರು. ಮಾವ ಎದ್ದು ಎರಡೂ ಕೈ ಜೋಡಿಸಿ, ಬೀದಿಗೆಲ್ಲ ಕೇಳುವಂತೆ, "ಬರ್ರಿ ಬರ್ರಿ ಯಜಮಾನ್ರೇ! ಭರಮಸಾಗರದ ಕಡಿಗೆಲ್ಲ ಆರಾಮಾ? ನಿಮ್ ಹೊಸ ಯಜಮಾನ್ತಿಗೆ ಆ ಧಾರೆ ಸೀರೆ ಒಪ್ಪಿಗೆ ಆತಾ?" ಎಂದ.

ಬೀಗಿತ್ತಿ ಗಂಡನ ಕಡೆ ನಿಧಾನವಾಗಿ ತಿರುಗಿದರು. "ಯಾವ ಹೊಸ ಯಜಮಾನ್ತಿ?"

ಬೀಗರ ಮೀಸೆ ಅದುರಿತು. "ಸಾಕು" ಎಂದರು. "ಬಸ್ಸಾಗೆ ಯಾವೂರು ಅಂದ್ರಿ. ಅಂಗಡಿಗೆ ಬಂದ್ರೆ ಲೈನಾಗೆ ನಿಲ್ಲು ಅಂದ್ರಿ. ಇವತ್ತು ಇನ್ನೊಬ್ಳನ್ನ ಕಟ್ಟಿದ್ರಿ. ಈ ಜಂಬದೋರ ಮನೆ ಹೆಣ್ಣು ನಮಗೆ ಬ್ಯಾಡ. ಏಳ್ರಿ, ಹೋಗಾಣ!"

ಶೈಲ ಎದ್ದು ನಿಂತಳು. ಎಂದಿನಂತೆ ಏನಾದರೂ ಹೇಳಿ ನಿಭಾಯಿಸುತ್ತಾಳೆ ಎಂದು ನಾನು ಕಾದೆ. ಆದರೆ ಕನ್ನಡಕ ಮರೆತರು ಎನ್ನಲು ಈ ಸಲ ಅದು ಅಪ್ಪನ ಮೂಗಿನ ಮೇಲೆಯೇ ಇತ್ತು. ಆಗ ಮಾವ ಗಲ್ಲಾದಿಂದ ಇಳಿದು ಬಂದ. ಕನ್ನಡಕ ತೆಗೆದು ಜೇಬಿಗಿಟ್ಟ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಜಂಬ ಅಲ್ರೀ. ನಂಗೆ ಮುಖ ಗುರ್ತು ಸಿಗಲ್ಲ. ಹುಟ್ಟಿದಾಗಿಂದ್ಲೂ ಸಿಗಲ್ಲ. ನನ್ ಹೆಂಡ್ತಿ ಸೀರೆ ಬದ್ಲಾಯಿಸಿದ್ರೆ ನಂಗೆ ಗೊತ್ತಾಗಲ್ಲ. ಇಷ್ಟು ದಿನ ಈ ಹುಡ್ಗಿ ಪಕ್ಕದಾಗೆ ಕುಂತು ಇವ್ರು ಇಂಥೋರು ಅಂತ ಹೇಳ್ಕೊಡ್ತಿದ್ಲು. ಅವ್ಳು ನಿಮ್ ಮನೆಗೆ ಬರ್ತಾಳೆ, ಇನ್ನು ನಂಗ್ಯಾರು ಹೇಳ್ತಾರೆ ಅಂತ ಈ ಡಬ್ಬಿ ತಂದೆ. ತಪ್ಪು ನಂದು. ಹುಡ್ಗೀದಲ್ಲ. ಅವ್ಳು ಒಬ್ರನ್ನೂ ಮರೆಯೋಳಲ್ಲ."

ಬೀಗರು ಹೋಗಿ ಜಮಖಾನೆಯ ಮೇಲೆ ಭಾರವಾಗಿ ಕೂತರು. "ಅಲ್ರೀ, ಇದನ್ನ ಬಸ್ಸಾಗೇ ಹೇಳಿದ್ರೆ ಆಗ್ತಿರ್ಲಿಲ್ವಾ? ನಾನು ಎಷ್ಟು ದಿನದಿಂದ ನಿದ್ದೆಗೆಟ್ಟೀನಿ!" ಎಂದರು. ನಾವೆಲ್ಲ ಸರಿದು ಜಾಗ ಮಾಡಿದೆವು. "ತಗೀರಿ ಸೀರೆ" ಎಂದರು.

"ಸೀರೆ ಆಮೇಲೆ ತಗಿಯಾಣ" ಎಂದರು ಬೀಗಿತ್ತಿ. "ಆ ಹೊಸ ಯಜಮಾನ್ತಿ ಯಾರು, ಮೊದ್ಲು ಅದು ಇತ್ಯರ್ಥ ಆಗ್ಲಿ!"

ಮೇಷ್ಟ್ರು ಮುಂದೆ ಬಂದು, ತಮ್ಮ ನಡುಬೆರಳನ್ನು ಎತ್ತಿ ಹಿಡಿದು, ಅದು ಯಾರದು, ಉಂಗುರದ್ದು ಯಾರದು ಎಂದು ವಿವರಿಸಿದ ಮೇಲೆಯೇ ಅಂದು ಜವಳಿ ತೆಗೆದದ್ದು. ಮಷಿನ್ನಿನ ವೈರನ್ನು ಅತ್ತೆ ಅಂದೇ ಕಿತ್ತಳು.

ಮದುವೆ ನಡೆಯಿತು. ಛತ್ರದ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವುದು ಹೆಣ್ಣಿನ ತಂದೆಯ ಕೆಲಸ. ಶೈಲ ಒಳಗೆ ಹಸೆಯ ಮೇಲೆ. ಮಾವ ಒಬ್ಬನೇ ಏನು ಅನಾಹುತ ಮಾಡುತ್ತಾನೋ ಎಂದು ನಾನು ಓಡಿದೆ. ಹೋಗಿ ನೋಡಿದರೆ ಅವನ ಪಕ್ಕದಲ್ಲಿ ಆಗಲೇ ಒಬ್ಬರು ನಿಂತಿದ್ದರು. ಗಂಡಿನ ತಂದೆಯೆಂದರೆ ಆ ದಿನ ದಿಂಬಿಗೊರಗಿ ಕೂತು ಸೇವೆ ಮಾಡಿಸಿಕೊಳ್ಳಬೇಕಾದವರು. ಅದನ್ನೆಲ್ಲ ಬಿಟ್ಟು ಬೀಗರು ಬಾಗಿಲಲ್ಲಿ ನಿಂತು ಮಾವನ ಕಿವಿಗೆ, "ನಮ್ಮಣ್ಣನ ಮಗ", "ನಮ್ಮ ಹಳೇ ಸಾಹುಕಾರ್ರು" ಎಂದು ಉಸುರುತ್ತಿದ್ದರು. ನಮ್ಮ ಕಡೆಯವರು ಬಂದರೆ ಅವರಿಗೂ ತಿಳಿಯದಲ್ಲ! "ನೀವ್ಯಾರ್ರೀ?" ಎಂದು ತಾವೇ ಗಟ್ಟಿಯಾಗಿ ಕೇಳಿ, ಉತ್ತರ ಪಡೆದು, ಒಂದು ಗೇಣು ದೂರದಲ್ಲಿದ್ದ ಮಾವನಿಗೆ ಅದನ್ನೇ ಗುಟ್ಟಾಗಿ ದಾಟಿಸುತ್ತಿದ್ದರು. ಮಾವ ಆಗತಾನೇ ನೆನಪಾದವನಂತೆ ಕೈ ಜೋಡಿಸುತ್ತಿದ್ದ. ನಾನು ಕಂಬದ ಮರೆಗೆ ಹೋಗಿ ನಕ್ಕೆ.

ಊಟವಾಗಿ, ಹೆಣ್ಣನ್ನು ಕಳಿಸಿಕೊಡುವ ಹೊತ್ತಾಯಿತು. ಬಾಸಿಂಗ, ಹೂವು, ಅರಿಶಿನ, ಅತ್ತು ಕದಡಿದ ಕಾಡಿಗೆ. ಶೈಲಳನ್ನು ನಾನೇ ಒಂದು ಕ್ಷಣ ಗುರುತಿಸಲಾರದೆ ಹೋದೆ. ಅವಳು ಮಾತಿಲ್ಲದೆ ಬಂದು ಮಾವನ ಮುಂದೆ ಬಗ್ಗಿದಳು. ಮಾವ ಆ ಮುಖವನ್ನು ನೋಡಿದ. ಯಾರನ್ನು ಕಂಡರೂ ಅವನ ಮುಖದ ಮೇಲೆ ಬರುವ ಅದೇ ವಿನಯದ, ಏನೂ ತಿಳಿಯದ ನೋಟ. ಇವನಿಗೆ ಗೊತ್ತಾಗದೆ ಹೋದರೆ ಆ ಹುಡುಗಿ ಅದನ್ನು ಹೇಗೆ ತಡೆದುಕೊಂಡಾಳು ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ.

ಬೀಗರು ಬಾಗಿ, ಬಹಳ ಮೆಲ್ಲಗೆ ಹೇಳಿದರು. "ಬೀಗ್ರೇ, ನಿಮ್ ಮಗಳು."

"ಗೊತ್ತೈತ್ರಿ" ಎಂದ ಮಾವ. ಅವಳ ತಲೆಯ ಮೇಲೆ ಕೈಯಿಟ್ಟು ಮತ್ತೊಮ್ಮೆ, "ಗೊತ್ತೈತ್ರಿ, ಇವ್ಳು ಗೊತ್ತೈತೆ ನಂಗೆ" ಎಂದ.

ಅವನಿಗೆ ನಿಜವಾಗಿಯೂ ಮೊದಲೇ ಗೊತ್ತಾಗಿತ್ತೋ, ಬೀಗರು ಹೇಳಿದ ಮೇಲೆ ಗೊತ್ತಾಯಿತೋ, ನಾನು ಇದುವರೆಗೂ ಕೇಳಿಲ್ಲ. ಕೇಳುವುದೂ ಇಲ್ಲ. ಹೊರಗೆ ಮದುವೆಯ ಬಸ್ಸು ಮತ್ತೆ ಮತ್ತೆ ಹಾರ್ನ್ ಹೊಡೆಯುತ್ತಿತ್ತು. ಮಾವ ಆ ತಲೆಯ ಮೇಲಿನ ಕೈ ತೆಗೆಯಲಿಲ್ಲ, ಬೀಗರೂ ಹೊರಡೋಣ ಎನ್ನಲಿಲ್ಲ.